ಲಕ್ವ ಹೊಡೆದ ಮೇಲೆ ಅಂಗಿ ತೊಡುವುದೂ ಚಿಕಿತ್ಸೆಯೇ

ಮಾನ್ಯ ಸಂಪಾದಕರೇ,

ಪಾರ್ಶ್ವವಾಯುವಿನ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳು ಹೆಚ್ಚಾಗಿ ಮೊದಲ ಕೆಲವು ಗಂಟೆಗಳ ಸುತ್ತಲೇ ಇರುತ್ತವೆ. ಬಾಯಿ ಸೊಟ್ಟಗಾಯಿತೇ, ಕೈ ಜೋತುಬಿತ್ತೇ, ಮಾತು ತೊದಲಿತೇ, ಕೂಡಲೇ ಆಸ್ಪತ್ರೆಗೆ ಸೇರಿಸಿ. ರಕ್ತನಾಳ ಕಟ್ಟಿಕೊಂಡು ಆದ ಪಾರ್ಶ್ವವಾಯುವಾದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ 4.5 ಗಂಟೆಯ ಅವಕಾಶ ಮಾತ್ರ. ಇಷ್ಟು ಈಗ ಬಹಳಷ್ಟು ಓದುಗರಿಗೆ ಗೊತ್ತು, ಗೊತ್ತಿರಲೇಬೇಕಾದದ್ದು. ಆದರೆ ಜೀವ ಉಳಿಸಿಕೊಂಡು ಮನೆಗೆ ಬಂದವರು ಮರುದಿನ ಬೆಳಿಗ್ಗೆ ಒಂದೇ ಕೈಯಲ್ಲಿ ಅಂಗಿ ತೊಡುವುದು ಹೇಗೆ, ಬಚ್ಚಲಿಗೆ ಹೋಗಿಬರುವುದು ಹೇಗೆ, ತಟ್ಟೆಯ ಒಂದು ಕಡೆಯ ಊಟ ಹಾಗೇ ಉಳಿಯುವುದೇಕೆ ಎಂಬುದರ ಬಗ್ಗೆ ಓದಲು ಸಿಗುವುದು ತೀರಾ ಕಡಿಮೆ. ಆಕ್ಯುಪೇಶನಲ್ ಥೆರಪಿಸ್ಟ್‌ಗಳಾದ, ಅಂದರೆ ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಿಕೊಳ್ಳಲು ಕಲಿಸುವ ಚಿಕಿತ್ಸಕರಾದ ನಮ್ಮ ಮುಂದೆ ದಿನವೂ ಬರುವ ಪ್ರಶ್ನೆಗಳು ಇವೇ. ಪತ್ರ ಉದ್ದವಾಗಿದೆ, ವಿಷಯ ಅಂಥದ್ದು.

ಮೊದಲು ಒಂದು ಮಾತು ನೇರವಾಗಿ ಹೇಳಿಬಿಡುತ್ತೇವೆ. ಮನೆಯವರು ಪ್ರೀತಿಯಿಂದಲೇ ಮಾಡುವ ಒಂದು ಕೆಲಸ ಚೇತರಿಕೆಗೆ ದೊಡ್ಡ ಅಡ್ಡಿಯಾಗುತ್ತದೆ. ರೋಗಿಯ ಎಲ್ಲ ಕೆಲಸವನ್ನೂ ತಾವೇ ಮಾಡಿಕೊಡುವುದೇ ಅದು. ಹಲ್ಲುಜ್ಜಿಸಿ, ಬಟ್ಟೆ ತೊಡಿಸಿ, ಬಾಯಿಗೆ ತುತ್ತಿಟ್ಟು, ಸಂಜೆ ಒಂದು ಗಂಟೆ ವ್ಯಾಯಾಮ ಮಾಡಿಸಿದರೆ ಆ ಒಂದು ಗಂಟೆಯಲ್ಲಿ ಕಲಿತದ್ದಕ್ಕಿಂತ ಉಳಿದ ಹೊತ್ತಿನಲ್ಲಿ ಸುಮ್ಮನಿದ್ದು ಕಲಿತದ್ದೇ ಮಿದುಳಿನಲ್ಲಿ ಗಟ್ಟಿಯಾಗುತ್ತದೆ. ಸೋತ ಕೈಗೆ ಅಲ್ಪಸ್ವಲ್ಪ ಸ್ವಾಧೀನ ಬಂದಿದ್ದರೂ ಅದನ್ನು ಬಳಸದೇ ಇರುವ ಅಭ್ಯಾಸ ಬೇರೂರುತ್ತದೆ. ಹೀಗಾಗುವುದು ಸೋಮಾರಿತನದಿಂದಲ್ಲ. ಮೊದಲ ವಾರಗಳಲ್ಲಿ ಆ ಕೈಯಿಂದ ಏನು ಮಾಡಹೋದರೂ ಆಗದೆ, ಸರಿಯಿರುವ ಕೈಯಿಂದ ಬೇಗ ಮುಗಿದುಹೋಗುವುದರಿಂದ ಮಿದುಳು ಆ ದಾರಿಯನ್ನೇ ಹಿಡಿಯುತ್ತದೆ.

ಫಿಜಿಯೋಥೆರಪಿ ಗೊತ್ತು, ಇದೇನು ಹೊಸದು ಎಂದು ಕೇಳುವವರು ಬಹಳ. ಫಿಜಿಯೋಥೆರಪಿಯ ಒತ್ತು ಬಲ, ಸಮತೋಲನ, ನಡಿಗೆಯ ಮೇಲೆ. ಆ ಚಲನೆಗಳೆಲ್ಲ ಒಂದು ಕೆಲಸವಾಗಿ ಕೂಡಿಬರುವುದು ನಮ್ಮ ಕ್ಷೇತ್ರ. ಭುಜ ಮೇಲೆತ್ತಲು ಬಂದರೆ ಸಾಲದು. ಕಪಾಟಿನಿಂದ ಅಂಗಿ ತೆಗೆದು, ಒಳಹೊರ ಗುರುತಿಸಿ, ಸರಿಯಾದ ತೋಳಿಗೆ ಕೈ ತೂರಿಸಿ, ಗುಂಡಿ ಹಾಕಬೇಕು. ಇದರಲ್ಲಿ ದೃಷ್ಟಿ, ಗಮನ, ನೆನಪು, ಕ್ರಮ, ಎಲ್ಲವೂ ಇದೆ. ಕೈಕಾಲು ಚೆನ್ನಾಗಿಯೇ ಆಡುತ್ತಿದ್ದರೂ ಅಂಗಿ ತೊಡಲಾಗದವರು ಇದ್ದಾರೆ. ದಿನನಿತ್ಯದ ಕೆಲಸಗಳನ್ನೇ ಗುರಿಯಾಗಿಟ್ಟುಕೊಂಡ ಆಕ್ಯುಪೇಶನಲ್ ಥೆರಪಿಯ ಬಗ್ಗೆ 9 ಅಧ್ಯಯನಗಳನ್ನು, ಒಟ್ಟು 994 ಮಂದಿಯನ್ನು ಒಳಗೊಂಡ ಕಾಕ್ರೇನ್ ಸಮೀಕ್ಷೆ (ಒಂದೇ ವಿಷಯದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವಂಥದ್ದು) 2017ರಲ್ಲಿ ಪರಿಷ್ಕೃತವಾಗಿ ಬಂತು. ಈ ಚಿಕಿತ್ಸೆ ಪಡೆದವರು ಕೆಲಸಗಳನ್ನು ಹೆಚ್ಚು ಚೆನ್ನಾಗಿ ಮಾಡಿಕೊಳ್ಳುತ್ತಾರೆ, ಸ್ಥಿತಿ ಹದಗೆಡುವ ಸಂಭವವೂ ಕಡಿಮೆ ಎಂದು ಅದು ಹೇಳುತ್ತದೆ. ಪುರಾವೆಯ ಗುಣಮಟ್ಟ ಇನ್ನೂ ಕಡಿಮೆ ಎಂದೂ ಅದೇ ಸಮೀಕ್ಷೆ ಒಪ್ಪಿಕೊಂಡಿದೆ, ಅದನ್ನು ಮುಚ್ಚಿಡಬಾರದು.

ಎಷ್ಟು ಬೇಗ ಶುರು ಮಾಡಬೇಕು ಎಂಬುದರಲ್ಲಿ ಅವಸರ ಬೇಡ. 2015ರಲ್ಲಿ ಪ್ರಕಟವಾದ ಅವರ್ಟ್ ಎಂಬ ದೊಡ್ಡ ಅಧ್ಯಯನದಲ್ಲಿ 2,104 ರೋಗಿಗಳಿದ್ದರು. ಮೊದಲ 24 ಗಂಟೆಯೊಳಗೇ ಎಬ್ಬಿಸಿ ಹೆಚ್ಚು ಹೊತ್ತು, ಹೆಚ್ಚು ಸಲ ಓಡಾಡಿಸಿದವರ ಗುಂಪಿನಲ್ಲಿ ಮೂರು ತಿಂಗಳ ಬಳಿಕ ಒಳ್ಳೆಯ ಚೇತರಿಕೆ ಕಂಡವರು ಮಾಮೂಲಿ ಆರೈಕೆಯ ಗುಂಪಿಗಿಂತ ಕಡಿಮೆ. ಹಾಗೆಂದು ವಾರಗಟ್ಟಲೆ ಮಲಗಿಸಿಡುವುದೂ ತಪ್ಪು. ವೈದ್ಯರು ಒಪ್ಪಿದ ಮೇಲೆ ಸ್ವಲ್ಪ ಸ್ವಲ್ಪ ಹೊತ್ತು, ದಿನಕ್ಕೆ ಹಲವು ಸಲ, ಇದು ಸರಿಯಾದ ಹದ. ಹಾಸಿಗೆಯ ಅಂಚಿನಲ್ಲಿ ಕೂತು ಒದ್ದೆ ಬಟ್ಟೆಯಿಂದ ಮುಖ ಒರೆಸಿಕೊಳ್ಳುವುದೂ ಮೊದಲ ದಿನಗಳಲ್ಲಿ ಪೂರ್ಣ ಪ್ರಮಾಣದ ಚಿಕಿತ್ಸೆಯೇ.

ಇನ್ನು ಅಂಗಿಯ ವಿಷಯ. ಸೋತ ಕೈ ಮೊದಲು ಒಳಗೆ, ಬಿಚ್ಚುವಾಗ ಕಡೆಗೆ ಹೊರಗೆ. ಈ ಒಂದು ನಿಯಮ ನೆನಪಿದ್ದರೆ ಅರ್ಧ ಜಗಳ ಮುಗಿಯುತ್ತದೆ. ಕೈಯಿರುವ, ಅಲುಗಾಡದ ಕುರ್ಚಿಯಲ್ಲಿ ಎರಡೂ ಪಾದ ನೆಲಕ್ಕೆ ಪೂರ್ತಿ ಊರುವಂತೆ ಕೂರಿಸಿ. ಹಾಸಿಗೆಯ ಮೇಲೆ ಬೇಡ, ಮೆತ್ತನೆಯ ಹಾಸಿಗೆಯಲ್ಲಿ ಮೈ ಸೋತ ಕಡೆಗೆ ವಾಲುತ್ತದೆ. ಮುಂದೆ ಗುಂಡಿಯಿರುವ ಸಡಿಲ ಅಂಗಿಯನ್ನು ಒಳಭಾಗ ಮೇಲಾಗುವಂತೆ ತೊಡೆಯ ಮೇಲೆ ಹರಡಿ, ಸೋತ ಕೈಗೆ ಹಾಕುವ ಅಂಗಿಯ ತೋಳು ಎರಡು ಮಂಡಿಗಳ ನಡುವೆ ಇಳಿಬೀಳಲಿ. ಅವರು ಮುಂದಕ್ಕೆ ಬಾಗಿದಾಗ ಆ ಕೈ ತಾನಾಗಿ ಕೆಳಗಿಳಿಯುತ್ತದೆ. ಸರಿಯಿರುವ ಕೈಯಿಂದ ಅದನ್ನು ತೋಳಿನೊಳಗೆ ಬಿಟ್ಟು ಬಟ್ಟೆಯನ್ನು ಮೇಲಕ್ಕೆ ಎಳೆದುಕೊಳ್ಳಬೇಕು. ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ತೋಳು ಮೊಣಕೈ ದಾಟುವ ಮೊದಲೇ ಇನ್ನೊಂದು ಕೈ ಹಾಕಲು ಹೊರಡುತ್ತಾರೆ, ಬಟ್ಟೆ ಜಾರಿ ಮುಂಗೈಗೆ ಬರುತ್ತದೆ, ಮತ್ತೆ ಮೊದಲಿಂದ ಶುರು. ಮೊಣಕೈ ದಾಟಿಸಿ ಭುಜದವರೆಗೂ ತಂದ ಮೇಲೆಯೇ ಕಾಲರ್ ಹಿಡಿದು ಬೆನ್ನ ಹಿಂದಿನಿಂದ ಸುತ್ತಿ ತಂದು ಸರಿಯಿರುವ ಕೈ ತೂರಿಸುವುದು. ಗುಂಡಿಯನ್ನು ಕೆಳಗಿನಿಂದ ಮೇಲಕ್ಕೆ ಹಾಕಿದರೆ ಎರಡು ಅಂಚುಗಳು ಹೊಂದಿದ್ದು ಕಣ್ಣಿಗೆ ಕಾಣುತ್ತದೆ, ಒಂದು ಗುಂಡಿ ತಪ್ಪಿ ಮೇಲೆ ಬರುವುದಿಲ್ಲ. ಬೆರಳು ಇನ್ನೂ ಸೂಕ್ಷ್ಮ ಕೆಲಸಕ್ಕೆ ಬಾರದಿದ್ದರೆ ಗುಂಡಿಯ ಜಾಗದಲ್ಲಿ ವೆಲ್ಕ್ರೋ ಹೊಲಿಸಿ, ಮೇಲೆ ಗುಂಡಿಯನ್ನು ಅಂದಕ್ಕೆ ಬಿಡಬಹುದು.

ಪ್ಯಾಂಟು, ಪೈಜಾಮಕ್ಕೂ ಅದೇ ಕ್ರಮ. ಸೋತ ಕಾಲನ್ನು ಸರಿಯಿರುವ ಮಂಡಿಯ ಮೇಲೆ ಅಡ್ಡ ಇಟ್ಟು, ಆ ಕಾಲಿಗೆ ಮೊದಲು ಹಾಕಿ ಮಂಡಿಯವರೆಗೆ ಮಾತ್ರ ಎಳೆದು ಕಾಲು ಕೆಳಗಿಳಿಸಬೇಕು. ಆಮೇಲೆ ಇನ್ನೊಂದು ಕಾಲು. ಸೊಂಟಕ್ಕೆ ಏರಿಸಲು ಎದ್ದು ನಿಲ್ಲಬೇಕು, ಬೀಳುವ ಅಪಾಯ ಇಲ್ಲೇ ಹೆಚ್ಚು. ನಿಲುವು ಭದ್ರವಿಲ್ಲದವರು ಮಲಗಿಕೊಂಡೇ, ಮಂಡಿ ಮಡಿಸಿ ಸೊಂಟ ಎತ್ತಿ ಏರಿಸಿಕೊಳ್ಳಲಿ. ಮೊದಮೊದಲು ಒಂದು ಅಂಗಿಗೆ ಅರ್ಧ ಗಂಟೆ ಹಿಡಿದರೂ ಹಿಡಿಯಲಿ. ಅವಸರದ ದಿನ ಮನೆಯವರು ಪ್ಯಾಂಟು ತೊಡಿಸಿ, ಅಂಗಿಯನ್ನು ಮಾತ್ರ ಅವರಿಗೇ ಬಿಡಬಹುದು. ಅಥವಾ ಕೊನೆಯ ಹೆಜ್ಜೆಯನ್ನಾದರೂ ಅವರೇ ಮಾಡಲಿ, ಮರುವಾರ ಕೊನೆಯ ಎರಡು ಹೆಜ್ಜೆ. ಕೆಲಸ ತನ್ನ ಕೈಯಿಂದ ಮುಗಿಯಿತು ಎಂಬ ಅನುಭವ ದಿನಕ್ಕೊಮ್ಮೆಯಾದರೂ ಸಿಗಬೇಕು.

ಭುಜದ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಭುಜದ ಕೀಲಿನ ಗುಂಡಿ ಆಳವಿಲ್ಲದ್ದು, ತೋಳಿನ ಮೂಳೆಯನ್ನು ಅಲ್ಲಿ ಹಿಡಿದಿಡುವುದು ಮುಖ್ಯವಾಗಿ ಸ್ನಾಯುಗಳು. ಅವು ಸಡಿಲವಾದಾಗ ಕೈಯ ಭಾರಕ್ಕೇ ಮೂಳೆ ಕೆಳಗೆ ಜಾರುತ್ತದೆ. ಭುಜದ ತುದಿಯ ಮೂಳೆಯ ಕೆಳಗೆ ಬೆರಳಿಟ್ಟರೆ ಒಂದು ಬೆರಳಗಲದ ಹಳ್ಳ ಸಿಗುತ್ತದೆ. ಈ ಸ್ಥಿತಿಯಲ್ಲಿ ಏಳಿಸುವಾಗ ಕೈ ಹಿಡಿದು ಎಳೆಯುವುದು, ಕಂಕುಳಿಗೆ ಕೈ ಕೊಟ್ಟು ಎತ್ತುವುದು, ಹಾಸಿಗೆಯಲ್ಲಿ ಮೇಲಕ್ಕೆ ಸರಿಸಲು ತೋಳು ಜಗ್ಗುವುದು, ಇವೆಲ್ಲ ಕೀಲಿನ ಸುತ್ತಲಿನ ಕಟ್ಟುಗಳಿಗೆ ಗಾಯ ಮಾಡುತ್ತವೆ. ಗೋಡೆಗೆ ರಾಟೆ ಹಾಕಿ, ಹಗ್ಗದ ಒಂದು ತುದಿಯನ್ನು ಸೋತ ಕೈಗೆ ಕಟ್ಟಿ ಇನ್ನೊಂದು ಕೈಯಿಂದ ಎಳೆಸುವ ವ್ಯಾಯಾಮ ಇಂದಿಗೂ ಹಲವೆಡೆ ನಡೆಯುತ್ತಿದೆ. ದಯವಿಟ್ಟು ನಿಲ್ಲಿಸಿ. ಕೈ ಮೇಲೇರುವಾಗ ಹೆಗಲ ಹಲಗೆ ಮೂಳೆಯೂ ಜೊತೆಗೆ ತಿರುಗಬೇಕು. ರಾಟೆ ಕೈಯನ್ನು ಮಾತ್ರ ಎಳೆಯುತ್ತದೆ, ಹಲಗೆ ನಿಂತಲ್ಲೇ ಇರುತ್ತದೆ, ನಡುವೆ ಮೆದು ಭಾಗಗಳು ಜಜ್ಜಿಹೋಗುತ್ತವೆ. ಮನೆಯಲ್ಲಿ ಕೈ ಆಡಿಸುವವರು ಒಂದು ಕೈಯಿಂದ ಮೊಣಕೈಗೆ ಆಸರೆ ಕೊಟ್ಟು, ಇನ್ನೊಂದನ್ನು ಹೆಗಲ ಹಲಗೆಯ ಮೇಲಿಟ್ಟು, ಥೆರಪಿಸ್ಟ್ ತೋರಿಸಿಕೊಡುವವರೆಗೆ ಭುಜದ ಮಟ್ಟಕ್ಕಿಂತ ಮೇಲೆ ಒಯ್ಯಬಾರದು. ನೋವೆಂದ ಕಡೆ ನಿಲ್ಲಬೇಕು. ಭುಜದಲ್ಲಿ ನೋವನ್ನು ನುಂಗಿ ಗೆಲ್ಲುವಂಥದ್ದು ಏನೂ ಇಲ್ಲ. ಭುಜ ನೋಯತೊಡಗಿದರೆ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟವರು ಮರುದಿನ ಯಾವ ಅಭ್ಯಾಸಕ್ಕೂ ಒಪ್ಪುವುದಿಲ್ಲ, ತಿಂಗಳುಗಳ ಪ್ರಗತಿ ಹೀಗೆ ನಿಂತುಹೋಗುತ್ತದೆ.

ಕೂತಾಗ ಆ ಕೈ ತೊಡೆಯಿಂದ ಜಾರಿ ಪಕ್ಕಕ್ಕೆ ನೇತಾಡಬಾರದು. ಮುಂದೆ ಮೇಜಿಟ್ಟು ಅಥವಾ ಮಡಿಲಲ್ಲಿ ದಿಂಬಿಟ್ಟು ಮೊಣಕೈಯಿಂದ ಬೆರಳ ತುದಿಯವರೆಗೆ ಆಸರೆ ಕೊಡಿ, ಕೈ ಅವರ ಕಣ್ಣಿಗೂ ಬೀಳುತ್ತಿರಲಿ. ಸೋತ ಮಗ್ಗುಲಿಗೆ ಮಲಗಿಸುವಾಗ ಭುಜವನ್ನು ಮೆಲ್ಲಗೆ ಮುಂದಕ್ಕೆ ತಂದು ಮಲಗಿಸಿ, ಮೈಭಾರವೆಲ್ಲ ಭುಜದ ತುದಿಯ ಮೇಲೆ ಬೀಳದಂತೆ. ಕೊರಳಿಗೆ ಕಟ್ಟುವ ಜೋಳಿಗೆಯನ್ನು ನಿಂತಾಗ, ನಡೆಯುವಾಗ ಮಾತ್ರ ಹಾಕಿ. ದಿನವಿಡೀ ಹಾಕಿಟ್ಟರೆ ಮೊಣಕೈ ಮಡಿಸಿದಂತೆಯೇ ಬಿಗಿಯುತ್ತದೆ, ಆ ಕೈಯನ್ನು ಬಳಸುವ ಯೋಚನೆಯೇ ಮರೆತುಹೋಗುತ್ತದೆ. ಕೈ ಊದಿಕೊಂಡಿದ್ದರೆ ಉಂಗುರ, ಬಿಗಿ ಬಳೆ ಮೊದಲು ತೆಗೆಯಿರಿ. ಊತದ ಜೊತೆಗೆ ಕೆಂಪು, ಬಿಸಿ, ಮುಟ್ಟಿದರೆ ತಡೆಯಲಾರದ ನೋವು ಇದ್ದರೆ ವೈದ್ಯರಿಗೆ ತೋರಿಸುವುದನ್ನು ಮುಂದಿನ ಭೇಟಿಯವರೆಗೆ ಕಾಯಿಸಬೇಡಿ.

ಹಾಗಾದರೆ ಕೈ ಹಿಡಿಯದೆ ಏಳಿಸುವುದು ಹೇಗೆ? ಕುರ್ಚಿಯ ಅಂಚಿಗೆ ಸರಿದು ಕೂರಲಿ. ಪಾದಗಳು ಮಂಡಿಗಿಂತ ತುಸು ಹಿಂದೆ ಬರಲಿ. ಮೂಗು ಕಾಲ್ಬೆರಳ ನೇರಕ್ಕೆ ಬರುವಷ್ಟು ಮುಂದೆ ಬಾಗಲಿ, ಆಮೇಲೆ ಕುರ್ಚಿಯ ಕೈಯನ್ನು ಒತ್ತಿ ಏಳಲಿ. ನೇರ ಮೇಲಕ್ಕೆ ಏಳಲು ಹೊರಟರೆ ಭಾರ ಹಿಂದೆಯೇ ಉಳಿದು ಮತ್ತೆ ಕುಸಿದು ಕೂರುತ್ತಾರೆ. ನೆರವಿಗೆ ನಿಂತವರು ಸೋತ ಕಡೆಯಲ್ಲಿದ್ದು, ಸೊಂಟಕ್ಕೆ ಬಿಗಿದ ಅಗಲ ಪಟ್ಟಿಯನ್ನು ಹಿಡಿಯಬೇಕು, ತಮ್ಮ ಮಂಡಿಯಿಂದ ಅವರ ಸೋತ ಮಂಡಿ ಮಡಿಯದಂತೆ ತಡೆ ಕೊಡಬೇಕು. ಕುತ್ತಿಗೆಗೆ ಕೈ ಹಾಕಿ ಜೋತುಬೀಳಲು ಬಿಟ್ಟರೆ ಇಬ್ಬರೂ ಬೀಳುತ್ತಾರೆ. ಹಾಸಿಗೆಯಿಂದ ಗಾಲಿಕುರ್ಚಿಗೆ ದಾಟಿಸುವಾಗ ಶುರುವಿನಲ್ಲಿ ಸರಿಯಿರುವ ಕಡೆಗೇ ಕುರ್ಚಿ ಇಡಿ, ಎರಡೂ ಬ್ರೇಕು ಹಾಕಿ, ಕಾಲಿಡುವ ತಟ್ಟೆಗಳನ್ನು ಮೇಲಕ್ಕೆ ಮಡಿಸಿ. ಮಡಿಸದ ತಟ್ಟೆಗೆ ಎಡವಿ ಬೀಳುವುದು ಬಹಳ ಸಾಮಾನ್ಯ.

ಬಚ್ಚಲಿನಲ್ಲಿ ನಿಂತು ಸ್ನಾನ ಬೇಡ. ಕಾಲುಗಳಿಗೆ ರಬ್ಬರ್ ಬಿರಡೆಯಿರುವ, ಬೆನ್ನಾಸರೆಯಿರುವ ಕುರ್ಚಿ, ನೆಲಕ್ಕೆ ಜಾರದ ಮ್ಯಾಟು, ಗೋಡೆಗೆ ಸ್ಕ್ರೂ ಹಾಕಿ ಕೂರಿಸಿದ ಹಿಡಿ, ಇಷ್ಟು ಸಾಕು. ಟವಲ್ ಹಾಕುವ ಕೋಲು ಹಿಡಿಯಲ್ಲ, ಅದು ಮನುಷ್ಯನ ಭಾರ ತಡೆಯುವುದಿಲ್ಲ. ರಬ್ಬರ್ ಬಟ್ಟಲಿನಿಂದ ಗೋಡೆಗೆ ಅಂಟುವ ಹಿಡಿಗಳನ್ನೂ ನಂಬಬೇಡಿ. ಸೋತ ಕೈಗೆ ಸ್ಪರ್ಶವೇ ತಿಳಿಯದಿದ್ದರೆ ಸುಡುವ ನೀರೂ ತಿಳಿಯುವುದಿಲ್ಲ. ನೀರಿನ ಬಿಸಿಯನ್ನು ಸರಿಯಿರುವ ಕೈಯಿಂದ, ಮೈಗೆ ಹಾಕಿಕೊಳ್ಳುವ ಮೊದಲೇ ನೋಡಬೇಕು. ಒಳಗಿನಿಂದ ಚಿಲಕ ಹಾಕದಿರಲಿ. ಸೋಪು, ಟವಲು, ಬಟ್ಟೆ ಎಲ್ಲ ಕೂತಲ್ಲಿಂದಲೇ ಕೈಗೆ ಸಿಗಬೇಕು, ಬಾಗಿ ಎತ್ತಿಕೊಳ್ಳಲು ಹೋಗಿಯೇ ಬೀಳುವುದು ಹೆಚ್ಚು. ಮೊದಲ ತಿಂಗಳುಗಳಲ್ಲಿ ಎರಡು ಗಂಟೆಗೊಮ್ಮೆ ತಾವಾಗಿಯೇ ಶೌಚಕ್ಕೆ ಹೋಗಿಬರುವ ಕ್ರಮ ಇಟ್ಟುಕೊಂಡರೆ ಅವಸರದ ಓಟ ತಪ್ಪುತ್ತದೆ. ರಾತ್ರಿಗೆ ಹಾಸಿಗೆಯ ಪಕ್ಕ ಕಮೋಡ್ ಕುರ್ಚಿ ಇಡಲು ಸಂಕೋಚಪಡಬೇಡಿ.

ಬಾಗಿಲು ಅಳೆದು ನೋಡಿ. ಸಾಮಾನ್ಯ ಗಾಲಿಕುರ್ಚಿಯ ಅಗಲ 60ರಿಂದ 65 ಸೆಂಟಿಮೀಟರ್. ಚಕ್ರ ತಳ್ಳುವ ಕೈಬೆರಳಿಗೂ ಜಾಗ ಬೇಕಾದ್ದರಿಂದ ಬಾಗಿಲು ತೆರೆದಾಗ ಕನಿಷ್ಠ 80 ಸೆಂಟಿಮೀಟರ್ ಸಿಗಬೇಕು. ಮೆಟ್ಟಿಲ ಜಾಗದಲ್ಲಿ ಇಳಿಜಾರು ಕಟ್ಟಿಸುವವರು 1:12 ಎಂಬ ಲೆಕ್ಕ ಹಿಡಿಯಲಿ, ಅಂದರೆ 15 ಸೆಂಟಿಮೀಟರ್ ಎತ್ತರಕ್ಕೆ 180 ಸೆಂಟಿಮೀಟರ್ ಉದ್ದ. ಜಾಗ ಸಾಲದೆಂದು ಕಡಿದಾಗಿ ಕಟ್ಟಿಸಿದರೆ ಇಳಿಯುವಾಗ ಕುರ್ಚಿ ಕೈತಪ್ಪುತ್ತದೆ.

ಊಟದ ಬಗ್ಗೆ ಮುಖ್ಯ ಮಾತೊಂದೇ. ನುಂಗುವುದನ್ನು ಪರೀಕ್ಷಿಸದೆ ಬಾಯಿಗೆ ಏನನ್ನೂ ಕೊಡಬಾರದು. ಉಂಡ ಮೇಲೆ ದನಿ ನೀರು ತುಂಬಿದಂತೆ ಗೊರಗೊರ ಎಂದರೆ, ಕೆಮ್ಮಿದರೆ, ಕೆನ್ನೆಯೊಳಗೆ ತುತ್ತು ಉಳಿದಿದ್ದರೆ ಸ್ಪೀಚ್ ಥೆರಪಿಸ್ಟ್‌ಗೆ ತೋರಿಸಿ. ಕೆಮ್ಮು ಬಾರದೆಯೂ ಆಹಾರ ಶ್ವಾಸಕೋಶಕ್ಕೆ ಇಳಿಯಬಹುದು ಎಂಬುದು ನೆನಪಿರಲಿ. ನೇರ ಕೂತು ಉಣ್ಣಬೇಕು, ಉಂಡ ಮೇಲೂ ಅರ್ಧ ಗಂಟೆ ಕೂತಿರಬೇಕು. ಹಿಡಿತ ಸಾಲದವರಿಗೆ ಚಮಚದ ಹಿಡಿಗೆ ಸ್ಪಂಜಿನ ಕೊಳವೆ ತೂರಿಸಿ ದಪ್ಪ ಮಾಡಿ, ಅಂಚು ಎತ್ತರವಿರುವ ತಟ್ಟೆ ಕೊಡಿ, ತಟ್ಟೆಯಡಿ ಜಾರದ ಹಾಳೆ ಹಾಸಿ.

ಮನೆಯವರನ್ನು ಅತಿ ಹೆಚ್ಚು ಗೊಂದಲಕ್ಕೆ, ಕೆಲವೊಮ್ಮೆ ಸಿಟ್ಟಿಗೂ ದೂಡುವುದು ಕೈಕಾಲಿನ ತೊಂದರೆಯಲ್ಲ. ಮಿದುಳಿನ ಬಲಭಾಗಕ್ಕೆ ಪೆಟ್ಟಾದವರಲ್ಲಿ ಎಡಗಡೆಯ ಲೋಕವೇ ಅಳಿಸಿಹೋದಂತಾಗುವುದುಂಟು. ತಟ್ಟೆಯ ಎಡ ಅರ್ಧ ಹಾಗೇ ಉಳಿಯುತ್ತದೆ, ಮುಖದ ಬಲಗಡೆ ಮಾತ್ರ ಕ್ಷೌರವಾಗಿರುತ್ತದೆ, ಎಡಗಡೆಯ ಬಾಗಿಲ ಚೌಕಟ್ಟಿಗೆ ಭುಜ ಬಡಿಯುತ್ತದೆ. ಈ ಪತ್ರಿಕೆಯ ಮುಖಪುಟದ ಅಗಲ ತಲೆಬರಹವೊಂದನ್ನು ಅವರ ಮುಂದೆ ಹಿಡಿದು ಓದಿಸಿ ನೋಡಿ. ಎಡಗಡೆಯ ಪದಗಳನ್ನು ಬಿಟ್ಟು ನಡುವಿನಿಂದ ಓದಿ, ಅರ್ಥ ಕೂಡಲಿಲ್ಲ ಎಂಬ ಅನುಮಾನವೂ ಬಾರದಿದ್ದರೆ ತಜ್ಞರ ಪರೀಕ್ಷೆ ಬೇಕು. ಕಣ್ಣಿನ ದೃಷ್ಟಿಕ್ಷೇತ್ರದ ಅರ್ಧ ಹೋದವರ ಸ್ಥಿತಿ ಇದಕ್ಕಿಂತ ಬೇರೆ. ಒಂದು ಕಡೆ ಕಾಣುತ್ತಿಲ್ಲ ಎಂಬುದು ಅವರಿಗೆ ಸಾಮಾನ್ಯವಾಗಿ ಗೊತ್ತಾಗುತ್ತದೆ, ತಲೆ ತಿರುಗಿಸಿ ನೋಡುವುದನ್ನು ಬೇಗ ಕಲಿಯುತ್ತಾರೆ. ಇವರಿಗೆ ಆ ಕೊರತೆಯೇ ಗೊತ್ತಿರುವುದಿಲ್ಲ, ಆದ್ದರಿಂದ ಬೈದು ಪ್ರಯೋಜನವಿಲ್ಲ. ಪುಟದ ಎಡ ಅಂಚಿಗೆ, ತಟ್ಟೆಯ ಎಡ ಅಂಚಿಗೆ ದಪ್ಪ ಕೆಂಪು ಪಟ್ಟಿ ಅಂಟಿಸಿ, ಕೆಂಪು ಕಾಣುವವರೆಗೂ ತಲೆ ತಿರುಗಿಸುವುದನ್ನು ರೂಢಿ ಮಾಡಿಸಬೇಕು. ಮಾತಾಡಿಸುವಾಗ ಎಡಗಡೆಯಿಂದ ಬನ್ನಿ, ಮೆಲ್ಲಗೆ ಮುಟ್ಟಿ ಗಮನ ಸೆಳೆಯಿರಿ. ಆದರೆ ಕರೆಗಂಟೆ, ನೀರಿನ ಲೋಟ, ಊರುಗೋಲು ಬಲಗಡೆಯೇ ಇರಲಿ. ಅಭ್ಯಾಸವಾಗಲೆಂದು ನೀರನ್ನು ಎಡಕ್ಕಿಟ್ಟು ದಿನವೆಲ್ಲ ಬಾಯಾರಿಸುವುದು ಚಿಕಿತ್ಸೆಯಲ್ಲ.

ಮಿದುಳಿನ ಎಡಭಾಗಕ್ಕೆ ಪೆಟ್ಟಾದಾಗ ಹೆಚ್ಚಾಗಿ ಕಾಣುವ ಇನ್ನೊಂದು ತೊಂದರೆಯಿದೆ. ಕೈಯಲ್ಲಿ ಬಲವಿದೆ, ವಸ್ತುವಿನ ಗುರುತೂ ಇದೆ, ಆದರೆ ಅದನ್ನು ಬಳಸುವ ಬಗೆ ತಪ್ಪಿಹೋಗಿದೆ. ಹಲ್ಲುಜ್ಜುವ ಬ್ರಷ್ಷಿನಿಂದ ತಲೆ ಬಾಚುತ್ತಾರೆ, ಪೇಸ್ಟ್ ಹಾಕದೆ ಉಜ್ಜುತ್ತಾರೆ, ಅಂಗಿಯ ತೋಳಿಗೆ ಕಾಲು ಹಾಕಲು ನೋಡುತ್ತಾರೆ. ಇದನ್ನು ಬುದ್ಧಿಭ್ರಮಣೆ ಎಂದು ತಿಳಿಯುವವರೇ ಹೆಚ್ಚು. ಹಲ್ಲುಜ್ಜುವುದನ್ನು ತೋರಿಸಿ ಎಂದು ಕೋಣೆಯಲ್ಲಿ ಕೇಳಿದರೆ ಆಗದು; ಬೆಳಿಗ್ಗೆ ಕನ್ನಡಿಯ ಮುಂದೆ ಬ್ರಷ್ ಕೈಗೆ ಬಂದರೆ ಹಳೆಯ ರೂಢಿಯಿಂದ ಕೈ ತಾನೇ ನಡೆಯುವುದುಂಟು. ಆದ್ದರಿಂದ ಅದೇ ಹೊತ್ತು, ಅದೇ ಜಾಗ, ಅದೇ ಕ್ರಮ. ಎದುರಿಗೆ ಆ ಹೆಜ್ಜೆಗೆ ಬೇಕಾದ ಒಂದೇ ವಸ್ತು ಇರಲಿ, ಸೋಪು, ಬಾಚಣಿಗೆ ಎಲ್ಲ ದೂರವಿರಲಿ. ಅವರ ಕೈಯ ಮೇಲೆ ನಿಮ್ಮ ಕೈಯಿಟ್ಟು ಚಲನೆ ಶುರುಮಾಡಿಕೊಟ್ಟು ಬಿಟ್ಟುಬಿಡಿ. ಮಾತು ಕಡಿಮೆ. ಇವರಲ್ಲಿ ಹಲವರಿಗೆ ಭಾಷೆಯ ತೊಂದರೆಯೂ ಇರುವುದರಿಂದ ಮೂರು ಜನ ಮೂರು ಕಡೆಯಿಂದ ಸೂಚನೆ ಕೊಟ್ಟರೆ ಕೈ ನಿಂತೇಬಿಡುತ್ತದೆ. ತಪ್ಪು ಮಾಡಿದ ಮೇಲೆ ತಿದ್ದುವುದಕ್ಕಿಂತ ತಪ್ಪಾಗುವ ಮೊದಲೇ ತಡೆಯುವುದು ಒಳ್ಳೆಯದು.

ಇನ್ನು ರಬ್ಬರ್ ಚೆಂಡು. ಲಕ್ವ ಹೊಡೆದವರ ಮನೆಯಲ್ಲೆಲ್ಲ ಒಂದು ಚೆಂಡು ಕಾಣುತ್ತದೆ, ಹಿಸುಕುತ್ತಿರಿ ಎಂದು ಯಾರೋ ಹೇಳಿರುತ್ತಾರೆ. ತಿಂಗಳು ಕಳೆದಂತೆ ಹಲವರಲ್ಲಿ ಬೆರಳು ಮಡಿಸುವ ಸ್ನಾಯುಗಳು ತಾವಾಗಿಯೇ ಬಿಗಿಯುತ್ತವೆ. ಕಷ್ಟವಾಗುವುದು ಬೆರಳು ಬಿಚ್ಚುವುದು. ಲೋಟ ಹಿಡಿಯಬೇಕಾದರೆ ಮೊದಲು ಕೈ ಅದರ ಅಗಲಕ್ಕೆ ತೆರೆಯಬೇಕು, ಇಟ್ಟ ಮೇಲೆ ಬಿಡಬೇಕು. ಚೆಂಡು ಇವೆರಡನ್ನೂ ಕಲಿಸುವುದಿಲ್ಲ. ಅದರ ಬದಲು ಮೇಜಿನ ಮೇಲೆ ಹಗುರ ಪ್ಲಾಸ್ಟಿಕ್ ಲೋಟ ಇಟ್ಟು ಕೈ ಚಾಚಿ, ತೆರೆದು, ಹಿಡಿದು, ಒಂದು ಅಡಿ ಪಕ್ಕಕ್ಕಿಟ್ಟು, ಬಿಡುವುದನ್ನು ಅಭ್ಯಾಸ ಮಾಡಿಸಿ. ಸುಲಭವಾದಾಗ ಲೋಟಕ್ಕೆ ಸ್ವಲ್ಪ ನೀರು ಹಾಕಿ, ಸ್ವಲ್ಪ ಎತ್ತರಕ್ಕೆ ಇಡಿಸಿ. ಎಷ್ಟು ಸಲ? ಇಲ್ಲಿ ನಮ್ಮ ವೃತ್ತಿಯವರೂ ಯೋಚಿಸಬೇಕಾದದ್ದಿದೆ. 2009ರ ಒಂದು ಅಧ್ಯಯನದಲ್ಲಿ ಕೈಯ ಕೆಲಸಗಳಿಗೆ ಸಂಬಂಧಿಸಿದ ಚಲನೆಗಳನ್ನು ಎಣಿಸಿ ನೋಡಿದಾಗ ಒಂದು ಚಿಕಿತ್ಸಾ ಅವಧಿಗೆ ಸರಾಸರಿ 32 ಸಲ ಮಾತ್ರ ಸಿಕ್ಕಿತ್ತು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಮಿದುಳು ಬದಲಾಗಿದ್ದು ದಿನಕ್ಕೆ ನೂರಾರು ಸಲ ಮಾಡಿಸಿದಾಗ. ಈ ಅಂತರವನ್ನು ತುಂಬಬಲ್ಲದ್ದು ಮನೆಯ ದಿನಚರಿಯೇ. ಬಾಗಿಲ ಹಿಡಿ, ನಲ್ಲಿ, ಸ್ವಿಚ್ಚು, ಬಟ್ಟೆ ಮಡಿಸುವುದು, ಮೇಜು ಒರೆಸುವುದು, ಇವನ್ನೆಲ್ಲ ಸೋತ ಕೈಗೆ ಮೀಸಲಿಡಿ.

ಸರಿಯಿರುವ ಕೈಗೆ ಚೀಲ ತೊಡಿಸಿ ಸೋತ ಕೈಯನ್ನೇ ಬಳಸುವಂತೆ ಮಾಡುವ ಪದ್ಧತಿಯ ಬಗ್ಗೆ ಹಲವರು ಕೇಳಿರಬಹುದು. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟಾಬ್ ರೂಪಿಸಿದ ಇದರ ಮೂಲ ಕ್ರಮದಲ್ಲಿ ಎರಡು ವಾರ, ಎಚ್ಚರವಿರುವ ಹೊತ್ತಿನ ಶೇ 90ರಷ್ಟು ಕಾಲ ಕೈಗೆ ಚೀಲ, ದಿನಕ್ಕೆ ಆರು ಗಂಟೆ ಅಭ್ಯಾಸ. ಎಲ್ಲರಿಗೂ ಇದು ಆಗದು. ಮಣಿಕಟ್ಟು, ಬೆರಳುಗಳನ್ನು ತಾವಾಗಿ ಸ್ವಲ್ಪವಾದರೂ ಹಿಂದಕ್ಕೆ ಎತ್ತಬಲ್ಲವರಿಗೆ, ಬೆರಳಿಗಾದರೆ ಸುಮಾರು 10 ಡಿಗ್ರಿ, ಮಾತ್ರ ಫಲ ಸಿಗುತ್ತದೆ. ಚಲನೆಯೇ ಇಲ್ಲದ ಕೈಗೆ ಹೀಗೆ ಮಾಡಿದರೆ ಹತಾಶೆ ಬಿಟ್ಟು ಬೇರೇನೂ ಬಾರದು. ಮೆಟ್ಟಿಲು, ಸ್ನಾನ, ಬಿಸಿ ಪಾತ್ರೆ, ಊರುಗೋಲು ಹಿಡಿದು ನಡೆಯುವಾಗ ಚೀಲ ಕಡ್ಡಾಯವಾಗಿ ತೆಗೆಯಬೇಕು. ಚಲನೆ ತೀರಾ ಕಡಿಮೆಯಿರುವವರಿಗೆ ಕನ್ನಡಿ ಅಭ್ಯಾಸವಿದೆ. ಮೈಯ ನಡುಗೆರೆಗೆ ಸರಿಯಾಗಿ ಮೇಜಿನ ಮೇಲೆ ಕನ್ನಡಿ ನಿಲ್ಲಿಸಿ, ಸೋತ ಕೈಯನ್ನು ಅದರ ಹಿಂದೆ ಮರೆಯಾಗಿಟ್ಟು, ಸರಿಯಿರುವ ಕೈಯ ಪ್ರತಿಬಿಂಬ ನೋಡುತ್ತ ಎರಡೂ ಕೈಯನ್ನು ಒಟ್ಟಿಗೆ ಆಡಿಸಲು ಯತ್ನಿಸುವುದು. ಉಂಗುರ, ಗಡಿಯಾರ ಕಳಚಿಡಿ, ಇಲ್ಲದಿದ್ದರೆ ಪ್ರತಿಬಿಂಬದ ಕೈ ತನ್ನದೆನಿಸುವುದಿಲ್ಲ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ, ನಾಲ್ಕು ವಾರವಾದರೂ ಮಾಡಿ ನೋಡಬೇಕು. ಅರ್ಧ ಗಂಟೆ ಒಟ್ಟಿಗೆ ಕಷ್ಟವಾದರೆ ಎರಡು ಪಾಲು ಮಾಡಿ.

ಅಂಗೈ ಮುಷ್ಟಿಯಾಗಿಯೇ ಉಳಿದವರಲ್ಲಿ ದಿನವೂ ಬೆರಳು ಬಿಡಿಸಿ ತೊಳೆದು ಒಣಗಿಸಿ, ಉಗುರು ಚಿಕ್ಕದಾಗಿ ಕತ್ತರಿಸಬೇಕು. ಮಣಿಕಟ್ಟನ್ನು ಮೊದಲು ಒಳಕ್ಕೆ ಬಾಗಿಸಿದರೆ ಬೆರಳು ಸುಲಭವಾಗಿ ಸಡಿಲುತ್ತವೆ, ಬಲವಂತ ಬೇಡ. ಕೈಯನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುವ ಸ್ಪ್ಲಿಂಟ್ ಕೊಟ್ಟಿದ್ದರೆ ತೆಗೆದ ಅರ್ಧ ಗಂಟೆಯ ಮೇಲೂ ಕೆಂಪು ಗುರುತು ಉಳಿದರೆ ಮಾಡಿಕೊಟ್ಟವರಲ್ಲಿಗೆ ಒಯ್ದು ಸರಿಮಾಡಿಸಿ. ಸ್ಪ್ಲಿಂಟ್ ಹಾಕಿದ್ದೇವಲ್ಲ ಎಂದು ಅಭ್ಯಾಸ ಬಿಡಬೇಡಿ.

ಚೇತರಿಕೆ ಮೊದಲ ಮೂರು ತಿಂಗಳಲ್ಲಿ ವೇಗವಾಗಿರುತ್ತದೆ ಎಂಬುದು ನಿಜ. ಅದರಿಂದ ಆಮೇಲೆ ಏನೂ ಆಗದು ಎಂಬ ತೀರ್ಮಾನಕ್ಕೆ ಬಂದು ಎಷ್ಟೋ ಮನೆಗಳಲ್ಲಿ ಎಲ್ಲವನ್ನೂ ಕೈಬಿಡುತ್ತಾರೆ. ಕೈಗೆ ಬಲ ಬಾರದಿದ್ದರೂ ಒಂದು ಕೈಯ ಕೌಶಲ, ಉಪಕರಣ, ಮನೆಯ ಸಣ್ಣ ಬದಲಾವಣೆಗಳಿಂದ ಸ್ವತಂತ್ರವಾಗುವುದು ವರ್ಷಗಳ ನಂತರವೂ ಸಾಧ್ಯ. ಅಭ್ಯಾಸ ಬಿಟ್ಟುಹೋಗಲು ಇನ್ನೆರಡು ಕಾರಣಗಳಿವೆ, ಎರಡೂ ಸೋಮಾರಿತನದ ಹೆಸರು ಹೊತ್ತಿವೆ. ಒಂದು ಪಾರ್ಶ್ವವಾಯುವಿನ ನಂತರದ ಸುಸ್ತು. ನಿದ್ದೆ ಮಾಡಿದರೂ ಹೋಗದ, ಕೆಲಸಕ್ಕೆ ಅಳತೆಯಿಲ್ಲದ ದಣಿವು ಅದು. ಸ್ನಾನ, ಉಡುಪು, ವ್ಯಾಯಾಮ ಮೂರನ್ನೂ ಬೆಳಗಿನ ಒಂದೇ ಹೊತ್ತಿಗೆ ಸೇರಿಸಿದರೆ ಮಧ್ಯಾಹ್ನ ಅವರು ಏಳುವುದಿಲ್ಲ. ಹಂಚಿಕೊಡಿ, ದಣಿಯುವ ಮೊದಲೇ ವಿರಾಮ ಕೊಡಿ. ಇನ್ನೊಂದು ಖಿನ್ನತೆ. ಪಾರ್ಶ್ವವಾಯುವಿಗೆ ತುತ್ತಾದವರಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಅದು ಬರುತ್ತದೆ, ಚಿಕಿತ್ಸೆಯೂ ಇದೆ. ಊಟ ಬೇಡ, ಯಾರೂ ಬೇಡ, ಏಕೆ ಬದುಕಬೇಕು ಎಂಬ ಮಾತು ಬಂದರೆ ಅದೇ ವಾರ ವೈದ್ಯರಿಗೆ ಹೇಳಿ.

ಒಲೆಯ ಮುಂದೆ ಒಬ್ಬರೇ ಬಿಡುವ ಮುನ್ನ, ಔಷಧಿಯನ್ನು ಅವರ ಕೈಗೇ ಒಪ್ಪಿಸುವ ಮುನ್ನ ಗಮನ, ನೆನಪು ಹೇಗಿದೆ ಎಂದು ಪಕ್ಕದಲ್ಲಿ ನಿಂತು ಕೆಲವು ದಿನ ನೋಡಬೇಕು. ಏಳು ದಿನದ ಖಾನೆಗಳಿರುವ ಮಾತ್ರೆ ಡಬ್ಬಿ ನೆರವಾಗುತ್ತದೆ. ವಾಹನ ಓಡಿಸುವುದು ದೃಷ್ಟಿಕ್ಷೇತ್ರದ ಪರೀಕ್ಷೆಯಾಗಿ ವೈದ್ಯರು ಒಪ್ಪುವವರೆಗೂ ಇಲ್ಲ, ಕೈಕಾಲು ಎಷ್ಟೇ ಚೆನ್ನಾಗಿದ್ದರೂ. ಉದ್ಯೋಗಕ್ಕೆ ಮರಳುವವರಿಗೆ ಪೂರ್ತಿ ದಿನದಿಂದ ಶುರು ಮಾಡಿಸುವುದೇ ದೊಡ್ಡ ತಪ್ಪು. ಅರ್ಧ ದಿನ, ಪರಿಚಿತ ಕೆಲಸ, ಗದ್ದಲವಿಲ್ಲದ ಜಾಗ, ಮೊದಲು ಇಷ್ಟು ಸಿಗಲಿ.

ಆಸ್ಪತ್ರೆಗಳಲ್ಲಿ ನಮ್ಮ ವಿನಂತಿ ಒಂದು ಹಾಳೆಯ ಬಗ್ಗೆ. ಬಿಡುಗಡೆಯ ದಿನ ಕೊಡುವ ಕಾಗದದಲ್ಲಿ ಮಾತ್ರೆಗಳ ಪಟ್ಟಿ ತಪ್ಪದೆ ಇರುತ್ತದೆ, ಕೆಲಸಗಳ ಪಟ್ಟಿ ಇರುವುದಿಲ್ಲ. ರೋಗಿ ದಿನದ ಕೆಲಸಗಳನ್ನು ಎಷ್ಟರ ಮಟ್ಟಿಗೆ ತಾನೇ ಮಾಡಿಕೊಳ್ಳಬಲ್ಲ ಎಂದು ಅಳೆಯಲು 1965ರಿಂದ ಬಳಕೆಯಲ್ಲಿರುವ ಬಾರ್ಥೆಲ್ ಸೂಚ್ಯಂಕದಲ್ಲಿ ಊಟ, ಸ್ನಾನ, ಮುಖ ತೊಳೆದು ತಲೆ ಬಾಚುವುದು, ಉಡುಪು, ಮಲ ಮತ್ತು ಮೂತ್ರದ ಹತೋಟಿ, ಶೌಚ, ಹಾಸಿಗೆಯಿಂದ ಕುರ್ಚಿಗೆ ದಾಟುವುದು, ನಡಿಗೆ, ಮೆಟ್ಟಿಲು ಎಂದು 10 ವಿಷಯ, ಒಟ್ಟು 100 ಅಂಕ. ಬರಿಯ ಅಂಕ ಬರೆದುಕೊಟ್ಟರೆ ಮನೆಯವರಿಗೆ ಉಪಯೋಗವಿಲ್ಲ. 100 ಬಂದವರೂ ಒಂಟಿಯಾಗಿ ಬದುಕಬಲ್ಲರು ಎಂದೇನೂ ಅಲ್ಲ. ಪ್ರತಿ ವಿಷಯದ ಎದುರು ಎಷ್ಟು ನೆರವು ಬೇಕು, ಯಾವ ಹೆಜ್ಜೆಯನ್ನು ರೋಗಿಯೇ ಮಾಡಬೇಕು ಎಂದು ಬರೆಯಿರಿ. ಭುಜವನ್ನು ಹೇಗೆ ಹಿಡಿಯಬೇಕು, ಆಹಾರ ಎಷ್ಟು ಗಟ್ಟಿ ಅಥವಾ ತೆಳು ಇರಬೇಕು, ಸ್ಪ್ಲಿಂಟ್ ಎಷ್ಟು ಗಂಟೆ, ಮರುಪರೀಕ್ಷೆ ಯಾವ ದಿನ, ಇವೂ ಇರಲಿ. ಬಿಡುಗಡೆಗೆ ಮೊದಲು ಆರೈಕೆ ಮಾಡುವವರಿಂದಲೇ ಒಮ್ಮೆ ಅಂಗಿ ತೊಡಿಸಿ, ಕುರ್ಚಿಗೆ ದಾಟಿಸಿ ನೋಡಿ, ತಪ್ಪಿದ್ದಲ್ಲಿ ಅಲ್ಲೇ ತಿದ್ದಿಕೊಡಿ. ತಮ್ಮ ಪತ್ರಿಕೆಯೂ ಮುಂದಿನ ಸಲ ಪಾರ್ಶ್ವವಾಯುವಿನ ಪುಟ ಮಾಡುವಾಗ ಅರ್ಧ ಪುಟವನ್ನಾದರೂ ಆಸ್ಪತ್ರೆಯಿಂದ ಬಂದ ಮೇಲಿನ ದಿನಗಳಿಗೆ ಕೊಡಬೇಕೆಂದು ಕೇಳಿಕೊಳ್ಳುತ್ತೇವೆ. ಬೇಕಾದ ಚಿತ್ರ, ವಿವರಗಳನ್ನು ಒದಗಿಸಲು ನಾವು ಸಿದ್ಧರಿದ್ದೇವೆ.

ಇತಿ ತಮ್ಮ ವಿಶ್ವಾಸಿಗಳು,
ಆಕ್ಯುಪೇಶನಲ್ ಥೆರಪಿಸ್ಟ್‌ಗಳ ಒಂದು ಗುಂಪು